ಕಪ್ಪಾದ ಹಲಗೆಯೆಲ್ಲ ಯಾಕಿಸುಗಿ ಅಲ್ಲ

ಮಾನ್ಯ ಸಂಪಾದಕರೇ,

ಮೇಲ್ಮೈ ಸುಟ್ಟ ಮರದ ಹಲಗೆಗಳನ್ನು ‘ಜಪಾನಿ ವಿಧಾನದ್ದು, ಮಳೆಗೂ ಹುಳಕ್ಕೂ ಬೆಂಕಿಗೂ ಜಗ್ಗುವುದಿಲ್ಲ’ ಎಂದು ಹೇಳಿ ಮಾರುವವರ ಮಾತನ್ನು ನಂಬಿ ನಷ್ಟ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಹೀಗಾಗಿ ಈ ಪತ್ರ.

ಸಾಗರದ ನಮ್ಮ ಮನೆಯ ಪಡುವಣ ಗೋಡೆಗೆ ಮಳೆಗಾಲವಿಡೀ ಎರಚಲು ಹೊಡೆಯುತ್ತದೆ. ಹಿಂದೆ ಅಲ್ಲಿ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದೆವು. ನಾಲ್ಕು ವರ್ಷಗಳ ಹಿಂದೆ ಗುತ್ತಿಗೆದಾರರೊಬ್ಬರ ಮಾತಿನಂತೆ ತಟ್ಟಿಯನ್ನು ತೆಗೆದು, ಸುಟ್ಟ ಪೈನ್ ಹಲಗೆಗಳನ್ನು ಹೊಡೆಸಿದೆವು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು ಮಾಸಿ ಬೂದು ಬಣ್ಣಕ್ಕೆ ತಿರುಗಿತು, ಹಲಗೆಗಳ ಕೆಳತುದಿಯಲ್ಲಿ ಬೂಷ್ಟು ಹಿಡಿಯಿತು. ಒಂದನ್ನು ಕಿತ್ತು ಅಡ್ಡಕ್ಕೆ ಕೊಯ್ದು ನೋಡಿದಾಗ ಸುಟ್ಟ ಪದರ ಕಾಗದದಷ್ಟೂ ದಪ್ಪವಿರಲಿಲ್ಲ. ಗ್ಯಾಸ್ ಟಾರ್ಚಿನ ಉರಿಯನ್ನು ಮೇಲೆ ಮೇಲೆ ಆಡಿಸಿ ವಾರ್ನಿಷ್ ಬಳಿದಿದ್ದರು, ಅಷ್ಟೆ.

ಜಪಾನಿನಲ್ಲಿ ಮೇಲ್ಮೈ ಸುಟ್ಟ ಹಲಗೆಯನ್ನು ಯಾಕಿಸುಗಿ ಎನ್ನುತ್ತಾರೆ. ಯಾಕಿ ಎಂದರೆ ಸುಟ್ಟದ್ದು, ಸುಗಿ ಎಂದರೆ ಅಲ್ಲಿನ ಒಂದು ಸೂಚಿಪರ್ಣಿ ಮರ; ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ‘ಧೂಪಿ’ ಎಂದು ಕರೆಯುವುದು ಇದೇ ಮರವನ್ನು. ಮಾರುವವರು ಹೇಳುವ ‘ಶೌ ಸುಗಿ ಬಾನ್’ ಎಂಬ ಹೆಸರು ಆ ಜಪಾನಿ ಲಿಪಿಯನ್ನು ಹೊರಗಿನವರು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು. ಪಶ್ಚಿಮ ಜಪಾನಿನ ಕಡಲ ಸೀಮೆಗಳಾದ ಒಕಯಾಮಾ, ಕಗಾವಾ ಕಡೆಯ ಹಳೆಯ ಮನೆಗಳಿಗೆ ಈ ಕಪ್ಪು ಹೊದಿಕೆ ಸಾಮಾನ್ಯ. ನವೋಶಿಮಾ ದ್ವೀಪದಲ್ಲಿ ವಾಸ್ತುಶಿಲ್ಪಿ ತದಾವೊ ಆಂಡೊ 1999ರಲ್ಲಿ ವಿನ್ಯಾಸಗೊಳಿಸಿದ ‘ಮಿನಾಮಿದೆರಾ’ ಕಟ್ಟಡದ ಹೊರಮೈಯೂ ಇಂಥದ್ದೇ.

ಅಲ್ಲಿನ ಹಳೆಯ ಕ್ರಮದಲ್ಲಿ ಟಾರ್ಚಿಗೆ ಜಾಗವೇ ಇಲ್ಲ. ಮೂರು ಹಲಗೆಗಳನ್ನು ತ್ರಿಕೋನವಾಗಿ ಜೋಡಿಸಿ, ತಂತಿಯಿಂದ ಬಿಗಿದು, ಚಿಮಣಿಯಂತೆ ನೆಟ್ಟಗೆ ನಿಲ್ಲಿಸಿ ಬುಡದಲ್ಲಿ ಬೆಂಕಿ ಹಚ್ಚುತ್ತಾರೆ. ಕೆಳಗಿನಿಂದ ಗಾಳಿ ಎಳೆದುಕೊಂಡು ಉರಿ ಮೇಲಕ್ಕೇರುತ್ತದೆ. ಮೂರು ಮೈಗಳೂ ಒಂದಕ್ಕೊಂದು ಕಾವು ಕೊಡುವುದರಿಂದ ಒಳಮೈ ಕೆಲವೇ ನಿಮಿಷಗಳಲ್ಲಿ ಆಳವಾಗಿ ಇದ್ದಿಲಾಗುತ್ತದೆ. ಹೊತ್ತು ಕಡಿಮೆಯಾದ್ದರಿಂದ ಹಿಂಬದಿ ಮಾತ್ರ ಹಸಿಮರದ ಬಣ್ಣದಲ್ಲೇ ಉಳಿಯುತ್ತದೆ. ಹಗುರವಾದ ಮೆದುಮರವನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ: ಅದು ಬೇಗ ಹತ್ತಿಕೊಳ್ಳುತ್ತದೆ, ಕಾವನ್ನು ಬೇಗ ಒಳಗೆ ದಾಟಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮೂರಿನ ಹಿರಿಯ ಬಡಗಿಯೊಬ್ಬರ ಜೊತೆ ಸೇರಿ ಅಂಗಳದಲ್ಲಿ ಹೀಗೆಯೇ ಮಾಡಿ ನೋಡಿದೆ. ಕೀಸುಳಿಯ ಹೊಟ್ಟಿಗೆ ಕಿಡಿ ತಾಗಿಸಿ ನಿಮಿಷವಾಗುವ ಮೊದಲೇ ಚಿಮಣಿ ಗುಂಯ್‌ಗುಡತೊಡಗಿ, ಮೇಲ್ತುದಿಯಿಂದ ಮೊಳದುದ್ದ ಜ್ವಾಲೆ ಹೊರಬಂತು. ತಂತಿ ಬಿಚ್ಚಿ ಹಲಗೆಗಳನ್ನು ಕೆಡವಿ ನೀರು ಹೊಯ್ದಾಗ, ಬೇಸಿಗೆಯ ಕೆರೆಯಂಗಳದಂತೆ ಚೌಕ ಚೌಕವಾಗಿ ಬಿರಿದ ದಪ್ಪ ಕರಿ ಪದರ ಕಂಡಿತು. ಕೊಯ್ದು ಅಳೆದರೆ ಮೂರು ಮಿಲಿಮೀಟರಿಗೆ ಹತ್ತಿರವಿತ್ತು. ಬಡಗಿ ಅದನ್ನು ಸವರಿ, ‘ಬೇಲಿಗೂಟದ ಬುಡ ಸುಟ್ಟು ಹೂಳುವುದಿಲ್ಲವೇ ಮಾರಾಯ್ರೆ, ಇದು ಅದೇ’ ಎಂದರು. ಅವರ ಮಾತು ಸರಿಯೆಂದು ನನಗನ್ನಿಸಿತು. ಶಿಲೀಂಧ್ರಕ್ಕೆ ಆಹಾರವಾಗುವ ಮರದ ಅಂಶಗಳು ಆ ಪದರದಲ್ಲಿ ಉರಿದುಹೋಗಿ ಇಂಗಾಲವಷ್ಟೇ ಉಳಿದಿರುತ್ತದೆ. ಬಿಸಿಲನ್ನೂ ಅದೇ ತಡೆಯುತ್ತದೆ. ಪದರ ತೆಳುವಾಗಿದ್ದರೆ ಒಂದೆರಡು ಮಳೆಗೇ ತೊಳೆದುಹೋಗುತ್ತದೆ.

ಸರಿಯಾಗಿ ಸುಟ್ಟ ಹಲಗೆಯೂ ಎಲ್ಲಕ್ಕೂ ರಾಮಬಾಣವಲ್ಲ. ಇದ್ದಿಲ ಪದರ ಬೆಂಕಿ ಹತ್ತುವುದನ್ನು ಸ್ವಲ್ಪ ತಡವಾಗಿಸಬಹುದೇ ಹೊರತು ಹಲಗೆ ಅಗ್ನಿನಿರೋಧಕವಾಗುವುದಿಲ್ಲ. ಸುಡದ ಹಿಂಬದಿಯಿಂದಲೂ ಕೊಯ್ದ ತುದಿಗಳಿಂದಲೂ ಗೆದ್ದಲು ಬರಬಹುದಾದ್ದರಿಂದ ಹಲಗೆ ನೆಲಕ್ಕೆ ತಾಗದಂತಿರಬೇಕು, ಹಿಂದೆ ಗಾಳಿಯಾಡಬೇಕು. ಮುಟ್ಟಿದರೆ ಮಸಿ ಕೈಗಂಟುತ್ತದೆ, ಮಕ್ಕಳು ಒರಗುವ ಜಗಲಿಗೆ ಇದು ಬೇಡ. ಅಂಟು ಬೆರೆತ ಪ್ಲೈವುಡ್ಡನ್ನು ಹೀಗೆ ಸುಡುವುದಂತೂ ಕೂಡದು, ಅದರ ಹೊಗೆ ಕೆಟ್ಟದ್ದು. ಸುಟ್ಟ ಹಲಗೆಯ ಬಿರುಕಿನಲ್ಲಿ ಕೆಂಡ ಅಡಗಿ ಕೂರುವುದರಿಂದ ನೀರು ಹೊಯ್ದ ಮೇಲೂ ರಾತ್ರಿಯವರೆಗೆ ಕಣ್ಣಿಟ್ಟಿರಬೇಕು.

ಹಲಗೆ ಯಾವ ಮರದ್ದು, ಸುಟ್ಟ ಪದರ ಎಷ್ಟು ಮಿಲಿಮೀಟರ್ ದಪ್ಪವಿದೆ, ಮೇಲೆ ಏನು ಬಳಿದಿದೆ ಎಂಬ ಮೂರು ವಿಷಯಗಳನ್ನು ಮಾರುವವರು ಬಿಲ್ಲಿನಲ್ಲೇ ಬರೆದುಕೊಡಬೇಕೆಂಬುದು ನನ್ನ ಕೋರಿಕೆ. ಕೊಳ್ಳುವವರು ಹಣ ಕೊಡುವ ಮುನ್ನ ಒಂದು ಹಲಗೆಯನ್ನು ತಮ್ಮೆದುರೇ ಅಡ್ಡಕ್ಕೆ ಕೊಯ್ಸಿ ನೋಡಲಿ.

ಇಂತು ತಮ್ಮ ವಿಶ್ವಾಸಿ,
ಓದುಗ, ಸಾಗರ