ಕಾರಿಡಾರಿನ ಬೆಂಚಿಗೆ ಒಂದು ಥ್ಯಾಂಕ್ಸು

ನಮ್ಮ ಯಜಮಾನರಿಗೆ ಅವರಕ್ಕನ ಕಿಡ್ನಿ ಹಾಕಿ ಮೊನ್ನೆಗೆ ಆರು ತಿಂಗಳು ತುಂಬಿತು. ರಿಪೋರ್ಟ್ ಚೆನ್ನಾಗಿದೆ. ಫೋನ್ ಮಾಡಿ ವಿಚಾರಿಸಿದವರಿಗೆಲ್ಲ ಇಷ್ಟು ಹೇಳಿದ್ದೇನೆ. ಆದರೆ ಅದಕ್ಕೂ ಹಿಂದಿನ ಹದಿನಾಲ್ಕು ತಿಂಗಳ ಋಣ ಹಾಗೇ ಉಳಿದಿದೆ. ಅದಕ್ಕೇ ಈ ಬರಹ.

ವಾರಕ್ಕೆ ಮೂರು ಡಯಾಲಿಸಿಸ್, ಸಲಕ್ಕೆ ನಾಲ್ಕು ಗಂಟೆ. ಅವರು ಒಳಗೆ, ನಾನು ಹಾಸನದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಕಬ್ಬಿಣದ ಬೆಂಚಿನ ಮೇಲೆ. ಮೊದಲ ತಿಂಗಳು ಗೋಡೆ ನೋಡಿದೆ. ಎರಡನೇ ತಿಂಗಳು ಮಗಳು ಫೋನಿನಲ್ಲಿ ಚೈನ್‌ಮೇಲ್ ಅನ್ನೋದನ್ನು ತೋರಿಸಿದಳು. ಹಿಂದೆ ಯೂರೋಪಿನ ಸೈನಿಕರು ತೊಡುತ್ತಿದ್ದ ಕವಚದ ಹೆಣಿಗೆ. ಒಂದೊಂದು ಕೊಂಡಿಯೂ ಸುತ್ತಲಿನ ನಾಲ್ಕು ಕೊಂಡಿಗಳನ್ನು ಹಿಡಿದಿರುತ್ತದೆ. ಅದೇ ಜಾತಿಯ ಹೆಣಿಗೆಗಳಲ್ಲಿ ಈಗ ಬಳೆ, ಓಲೆ, ಸರ ಮಾಡುತ್ತಾರೆ. ಬೆಸುಗೆ ಬೇಡ, ಎರಡು ಇಕ್ಕಳ ಸಾಕು. ಬೆಂಚಿಗೆ ಹೇಳಿ ಮಾಡಿಸಿದ ಕಸುಬು.

ಮೊದಲ ನಮಸ್ಕಾರ ಮೋಟರ್ ವೈಂಡಿಂಗ್ ಅಂಗಡಿಯವರಿಗೆ. ತಾಮ್ರದ ತಂತಿ ಕೇಳಿದರೆ "ಎಷ್ಟು ಎಚ್‌ಪಿ ಮೋಟರಮ್ಮ?" ಅಂದರು. ಓಲೆಗೆ ಅಂದೆ. ನಗಲಿಲ್ಲ, ಉಳಿದ ತುಂಡು ತೂಕ ಹಾಕಿ ಕೊಟ್ಟರು. ಅದರ ಮೇಲಿನ ಎನಾಮೆಲ್ ಸುಟ್ಟು ತೆಗೆದೆ, ಅಲ್ಲೇ ಕೆಟ್ಟೆ. ಕಾಯಿಸಿದ ತಾಮ್ರ ಮೆತ್ತಗಾಗಿಬಿಡುತ್ತದೆ. ನನ್ನ ಮೊದಲನೇ ಸರ ಸೆರಗಿಗೆ ಸಿಕ್ಕಿ ಶಾವಿಗೆ ಉದುರಿದ ಹಾಗೆ ಉದುರಿತು.

ದಾರಿಗೆ ತಂದವರು ಕಟ್ಟಿನಕೆರೆ ಮಾರ್ಕೆಟ್ ಹತ್ತಿರದ ಒಬ್ಬ ಅಕ್ಕಸಾಲಿ. ಗಟ್ಟಿ ತಂತಿ ತಗೊಳ್ಳಿ. ಕೊಂಡಿಯ ಬಾಯಿ ಅಗಲಿಸಬೇಡಿ, ಗುಂಡಗಿನ ಆಕಾರ ಕೆಡುತ್ತೆ. ಒಂದು ತುದಿ ನಿಮ್ಮ ಕಡೆ, ಇನ್ನೊಂದು ಆಚೆ ಕಡೆ ತಿರುಚಿ. ಮುಚ್ಚುವಾಗ ತುಸು ದಾಟಿಸಿ ವಾಪಸ್ ತನ್ನಿ, ತುದಿಗೆ ತುದಿ ಉಜ್ಜಿ ಟಿಕ್ ಅನ್ನಬೇಕು. ಪಾಠಕ್ಕೆ ಕಾಸು ಮುಟ್ಟಲಿಲ್ಲ. "ಇದನ್ನ ಚಿನ್ನದಲ್ಲಿ ಮಾಡಿದ್ರೆ ಕೂಲಿಗೇ ಮನೆ ಮಾರ್ಬೇಕು" ಅಂದರು, ಅಷ್ಟೇ.

ಅಳತೆ ಮಾತ್ರ ಕೈಸುಟ್ಟುಕೊಂಡೇ ಕಲಿತೆ. 18 ಗೇಜಿನ ತಂತಿ ಅಂದರೆ ಸುಮಾರು 1.2 ಮಿ.ಮೀ. ದಪ್ಪ. ಅದನ್ನು 4 ಮಿ.ಮೀ. ಸ್ವೆಟರ್ ಕಡ್ಡಿಗೆ ಸುತ್ತಿ ಕೊಂಡಿಗಳಾಗಿ ಕತ್ತರಿಸಿದರೆ ಬೈಜಾಂಟೈನ್ ಅನ್ನೋ ಸರಪಳಿ ಹೆಣಿಗೆ ಹಾವಿನಂತೆ ಬಳುಕುತ್ತದೆ. 5ರ ಕಡ್ಡಿಗೆ ಸುತ್ತಿದರೆ ಜೋಲು. 4ರ ಕಡ್ಡಿಗೇ ಇನ್ನೂ ದಪ್ಪನೆಯ 16 ಗೇಜಿನ ತಂತಿ ಸುತ್ತಿದಿರೋ, ಕೊಂಡಿಯೊಳಗೆ ಕೊಂಡಿ ತೂರುವುದೇ ಇಲ್ಲ. ಒಂದು ಕೈಬಳೆಗೆ 130 ಚಿಲ್ಲರೆ ಕೊಂಡಿ. ಕೈ ಕುದುರಿದ ಮೇಲೆ ಸರಿಯಾಗಿ ಒಂದು ಡಯಾಲಿಸಿಸ್ಸಿಗೆ ಒಂದು ಬಳೆ.

ನೆಟ್ಟಗೆ ಬಂದ ಮೊದಲ ಬಳೆಯನ್ನು ಯಜಮಾನರ ಎಡಗೈಗೆ ಹಾಕಿದ್ದೆ. ಸಿಸ್ಟರ್ ನೋಡಿದವರೇ ಬಿಚ್ಚಿಸಿದರು. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗೆಂದು ಎರಡು ರಕ್ತನಾಳ ಜೋಡಿಸಿದ ಜಾಗ, ಇರೋ ಕೈಗೆ ಬಳೆಯೂ ಬೇಡ, ವಾಚೂ ಬೇಡ, ಬಿಪಿ ಪಟ್ಟಿಯೂ ಬೇಡ. ಬೈದು, ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ಚರ್ಮದ ಕೆಳಗೆ ರಕ್ತ ಜುಮ್ಮೆನ್ನುತ್ತಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಅದನ್ನು ಮುಟ್ಟಿ ನೋಡುವುದು ನನ್ನ ಕೆಲಸವಾಯಿತು. ಆ ಬಳೆ ಈಗ ಸಿಸ್ಟರ್ ಹತ್ತಿರ ಇದೆ. ಡ್ಯೂಟಿ ಇಲ್ಲದ ದಿನ ಹಾಕಿಕೊಳ್ಳುತ್ತಾರಂತೆ.

ಆಲೂರಿಂದ, ಚನ್ನರಾಯಪಟ್ಟಣದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ ಬೆಂಚಿನ ಗೆಳತಿಯರೇ, ಬಿದ್ದ ಕೊಂಡಿಗಳನ್ನು ನೆಲ ಸವರಿ ಹುಡುಕಿಕೊಟ್ಟಿರಿ, ನಿಮ್ಮ ಬುತ್ತಿಯ ಅಕ್ಕಿರೊಟ್ಟಿ ತಿನ್ನಿಸಿದಿರಿ. ಒಬ್ಬರು ಸಂಕ್ರಾಂತಿ ಕಳೆದ ಮೇಲೆ ಬರಲಿಲ್ಲ. ಅವರಿಗೆಂದು ಹೆಣೆದ ಓಲೆ ನನ್ನ ಡಬ್ಬಿಯಲ್ಲೇ ಇದೆ.

ಓಡಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮೊದಲು ಹೋಗಿದ್ದು ಬೇಲೂರಿಗೆ. ಗೈಡು 1117, ವಿಷ್ಣುವರ್ಧನ ಅನ್ನುತ್ತಿದ್ದರೆ ನಾನು ಮದನಿಕೆಯ ಕೊರಳ ಸರ ನೋಡುತ್ತ ಕತ್ತೆತ್ತಿ ನಿಂತುಬಿಟ್ಟಿದ್ದೆ. "ಬಾರೆ, ಅದು ಕಲ್ಲು, ಬಿಚ್ಚಿ ನೋಡಕ್ಕಾಗಲ್ಲ" ಅಂದರು ಯಜಮಾನರು. ಅವರು ತಮಾಷೆ ಮಾಡಿ ವರ್ಷದ ಮೇಲಾಗಿತ್ತು.

ಇನ್ನು ಅರಸೀಕೆರೆಯ ಅತ್ತಿಗೆ. ಕಿಡ್ನಿ ಕೊಟ್ಟವರಿಗೆ ಏನು ಕೊಡೋದು? ಹದಿನೈದು ದಿನ ಕೂತು ಒಂದು ಸರ ಹೆಣೆದು ಒಯ್ದೆ. ತಿರುಗಿಸಿ ನೋಡಿ "ಚಿನ್ನದ್ದಲ್ವಾ?" ಅಂದರು. ತಾಮ್ರ ಅಂದೆ. "ಹಂಗಾದ್ರೆ ಹುಣಸೆಹಣ್ಣಲ್ಲಿ ಉಜ್ಕೋಬೋದು ಬಿಡು" ಎಂದು ಹಾಕಿಕೊಂಡರು. ನಿನ್ನೆ ಫೋನು ಬಂತು, ಒಂದು ಕೊಂಡಿ ಬಾಯಿ ಬಿಟ್ಟಿದೆಯಂತೆ. ಭಾನುವಾರ ಇಕ್ಕಳ ತಗೊಂಡು ಹೋಗುತ್ತಿದ್ದೇನೆ.