ಸೋಂಕು ಸಿಕ್ಕ ಮೇಲೂ ಹುಡುಕಿದವರಿಗೆ

ಕಿಡ್ನಿಯ ಹಳೆಯ ಸೋಂಕು ಎಂದು ಬಂದು ಕೊನೆಗೆ ಕ್ಯಾನ್ಸರ್ ಎಂದು ಗೊತ್ತಾದವು, ಕ್ಯಾನ್ಸರ್ ಎಂಬ ಹೆದರಿಕೆಯಲ್ಲಿ ಬಂದು ಬರೀ ಸೋಂಕು ಎಂದು ತಿಳಿದವು, ಈ ಎರಡೂ ಬಗೆಯ ಪ್ರಕರಣಗಳ ಮರುಪರಿಶೀಲನೆ ಈಗ ಮುಗಿದಿದೆ. ರಿಪೋರ್ಟಿನ ಕೆಳಗೆ ಸಹಿ ಹಾಕುವವರು ಪೆಥಾಲಜಿ, ರೇಡಿಯಾಲಜಿ, ಯೂರಾಲಜಿಯ ನಾವು. ಆದರೆ ಸರಿಯಾದ ಉತ್ತರ ಸಿಗುತ್ತದೋ ಇಲ್ಲವೋ ಎಂಬುದು ಹೆಚ್ಚಿನ ಸಲ ನಮ್ಮ ಮೇಜಿಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸಿದವರಿಗೆ ಈ ಧನ್ಯವಾದ.

ಮೊದಲು ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಮತ್ತು ಅಲ್ಲಿನ ಲ್ಯಾಬಿನವರಿಗೆ. ಮೂತ್ರದಲ್ಲಿ ಕೀವುಕಣ ತುಂಬಿವೆ, ಕಲ್ಚರಿನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಏನೂ ಬೆಳೆದಿಲ್ಲ. ಇಂಥ ರಿಪೋರ್ಟ್ ಕಂಡಾಗ ಇನ್ನೊಂದು ಆ್ಯಂಟಿಬಯಾಟಿಕ್ ಬರೆದುಕೊಡುವುದು ಸುಲಭ. ನಮ್ಮ ದೇಶದಲ್ಲಿ ಮೊದಲ ಅನುಮಾನ ಟಿಬಿ ಮೇಲೆ ಹೋಗುವುದು ಸರಿಯೇ. ಅದಕ್ಕೆ ಕನಿಷ್ಠ ಮೂರು ದಿನ ಬೆಳಗಿನ ಮೊದಲ ಮೂತ್ರ ಬೇಕು. ಕಲ್ಚರ್ ಫಲಿತಾಂಶಕ್ಕೆ 6ರಿಂದ 8 ವಾರ ಕಾಯಬೇಕು. ಕ್ಯಾನ್ಸರ್ ಕಣ ಹುಡುಕುವುದಕ್ಕೆ ಮಾತ್ರ ಆ ಮೊದಲ ಮೂತ್ರ ಬೇಡ. ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತ ಕಣಗಳು ಕೊಳೆತು ಗುರುತು ಸಿಗದಂತಾಗಿರುತ್ತವೆ. ಹಾಗಾಗಿ ಸೈಟಾಲಜಿ ಎಂಬ ಈ ಕಣಪರೀಕ್ಷೆಗೆ ಎರಡನೆಯ ಸಲದ ಮೂತ್ರ, ಸುಮಾರು 50 ಮಿಲಿ, ತಾಜಾ ಆಗಿ ತಲುಪಬೇಕು. ಎರಡನ್ನೂ ಬೇರೆಬೇರೆ ಬಾಟಲಿಯಲ್ಲಿ ಹಿಡಿಸಿ, ಯಾವುದು ಯಾವ ಹೊತ್ತಿನದು ಎಂದು ಲೇಬಲ್ ಹಚ್ಚಿ ಕಳಿಸಿದವರಿದ್ದಾರೆ. ಇಂಥ ಕೆಲಸಕ್ಕೆ ಬಹುಮಾನ ಕೊಡುವ ಪದ್ಧತಿ ಎಲ್ಲೂ ಇಲ್ಲ.

ಅನುಮಾನದ ಮೇಲೆಯೇ ಟಿಬಿ ಮಾತ್ರೆ ಶುರುವಾದ ರೋಗಿಗಳಲ್ಲಿ ಇನ್ನೊಂದು ತೊಡಕಿದೆ. ಅದರಲ್ಲಿರುವ ರಿಫಾಂಪಿಸಿನ್ ಎಂಬ ಔಷಧಿ ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ. ರಕ್ತ ಹೋಗುತ್ತಿದ್ದರೂ 'ಮಾತ್ರೆಯ ಬಣ್ಣ' ಎಂದು ಮನೆಯವರೂ ನಂಬುತ್ತಾರೆ, ಕೆಲವೊಮ್ಮೆ ನಾವೂ ನಂಬುತ್ತೇವೆ. ಬಣ್ಣಕ್ಕೆ ಮರುಳಾಗದೆ ಮೈಕ್ರೋಸ್ಕೋಪಿನಲ್ಲಿ ಕೆಂಪುಕಣ ಎಣಿಸಿದ ತಂತ್ರಜ್ಞರು ಹಲವರ ಸ್ಕ್ಯಾನಿಂಗನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಮಾಡಿಸಿದಂತಾಯಿತು. ಜ್ವರ, ತೂಕ ಇಳಿಕೆ, ರಕ್ತಹೀನತೆ, ಏರಿದ ಇಎಸ್‌ಆರ್ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಇವೆಲ್ಲ ಸೋಂಕಿನ ಲಕ್ಷಣಗಳೆಂದೇ ನಾವು ಓದಿಕೊಂಡಿರುತ್ತೇವೆ. ಕಿಡ್ನಿ ಕ್ಯಾನ್ಸರ್ ತಾನಾಗಿಯೇ ಇವೆಲ್ಲವನ್ನೂ ತರಬಲ್ಲದು.

ಸಿಟಿ ಕೋಣೆಯವರಿಗೆ ನಾವು ತೀರಿಸಬೇಕಾದ ಸಾಲ ದೊಡ್ಡದು. ಎಕ್ಸ್‌ಜಿಪಿ (ಕ್ಸಾಂಥೋಗ್ರಾನ್ಯುಲೊಮಾಟಸ್ ಪೈಲೋನೆಫ್ರೈಟಿಸ್) ಎಂದು ನಾವು ಚಿಕ್ಕದಾಗಿ ಕರೆಯುವ ಕಿಡ್ನಿಯ ಹಳೆಯ ಸೋಂಕು ಗಂಟಿನ ವೇಷ ಹಾಕುವುದರಲ್ಲಿ ನಿಸ್ಸೀಮ. 1916ರಲ್ಲಿ ಷ್ಲಾಗೆನ್‌ಹೌಫರ್ ಎಂಬ ಪೆಥಾಲಜಿಸ್ಟ್ ಇದನ್ನು ವಿವರಿಸಿದರು. ಕಲ್ಲು ದಾರಿ ಕಟ್ಟಿರುತ್ತದೆ, ಹಿಂದೆ ಪ್ರೋಟಿಯಸ್ ಅಥವಾ ಇ. ಕೋಲೈ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಮನೆಮಾಡಿರುತ್ತದೆ, ಕಿಡ್ನಿ ಊದಿ ಸುತ್ತಲಿನ ಕೊಬ್ಬಿಗೂ ಬೆನ್ನಿನ ಸ್ನಾಯುವಿಗೂ ಹರಡುತ್ತದೆ. ಸಿಟಿಯಲ್ಲಿ ಕರಡಿಯ ಪಂಜದಂತೆ ಕಾಣುವ ಕಪ್ಪು ಗುಳಿಗಳ ಅಂಚು ಬೆಳಗುತ್ತದೆ, ಒಳಭಾಗ ಬೆಳಗುವುದಿಲ್ಲ. ಈ ವ್ಯತ್ಯಾಸ ತಿಳಿಯಬೇಕಾದರೆ ಡೈ (ಅಂಗಾಂಶ ಬೆಳಗಿ ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕುವ ಮುಂಚಿನ ಚಿತ್ರ ಇರಲೇಬೇಕು. ಹಾಕಿದ ಮೇಲೆ ಸಾಂದ್ರತೆ (ಸಿಟಿ ಅದನ್ನು ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಅಳೆಯುತ್ತದೆ) 20ಕ್ಕಿಂತ ಹೆಚ್ಚು ಏರಿದರೆ ಅಲ್ಲಿ ರಕ್ತ ಓಡಾಡುವ ಅಂಗಾಂಶವಿದೆ ಎಂದರ್ಥ; 10ರಿಂದ 20ರ ನಡುವಿನದು ಅನುಮಾನದ ಜಾಗ. 'ಕಲ್ಲಿಗೆ ಪ್ಲೇನ್ ಸಿಟಿ ಸಾಕು' ಎಂದು ಚೀಟಿಯಲ್ಲಿದ್ದಾಗ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತಪರೀಕ್ಷೆ) ನೋಡಿ, ವೈದ್ಯರಿಗೆ ಫೋನ್ ಮಾಡಿ, ಡೈ ಹಾಕಿದ ಹಂತಗಳನ್ನೂ ಸುಮಾರು 8–10 ನಿಮಿಷದ ನಂತರದ ಚಿತ್ರವನ್ನೂ ತೆಗೆಸಿದವರಿಗೆ ನಮಸ್ಕಾರ. ಮೂತ್ರ ಒಯ್ಯುವ ಕಿಡ್ನಿಯ ಸಣ್ಣ ನಾಳಗಳಲ್ಲಿ ಹುಟ್ಟುವ ಕಲೆಕ್ಟಿಂಗ್ ಡಕ್ಟ್ ಕ್ಯಾನ್ಸರಿನಲ್ಲಿ ಇದು ಇನ್ನೂ ಮುಖ್ಯ. ಅದು ಕಿಡ್ನಿಯ ನಡುವಿನಿಂದ ನುಸುಳಿಕೊಂಡು ಬೆಳೆಯುತ್ತದೆ, ಹೊರಗಿನ ಆಕಾರ ಹಾಗೇ ಉಳಿದಿರುತ್ತದೆ. ಪೈಲೋನೆಫ್ರೈಟಿಸ್ (ಕಿಡ್ನಿಯ ಸೋಂಕು) ಎಂದು ದಾಟಿಹೋಗುವುದು ಕಷ್ಟವೇನಲ್ಲ. ಪೆಟ್ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸೋಂಕೂ ಅದರಲ್ಲಿ ಬೆಳಗುತ್ತದೆ.

ಬಯಾಪ್ಸಿ ತೆಗೆಯುವಾಗ ಸೂಜಿ ಗಂಟಿನ ನಡುವಿಗೆ ಹೋದರೆ ಬರುವುದು ಕೀವು ಮತ್ತು ಸತ್ತ ಅಂಗಾಂಶ, ರಿಪೋರ್ಟ್ 'ಆ್ಯಬ್ಸೆಸ್' (ಕೀವುಗಂಟು). ಬೆಳಗುವ ಅಂಚಿನಿಂದ, 18 ಗೇಜ್ ಸೂಜಿಯಲ್ಲಿ, ಕನಿಷ್ಠ ಎರಡು ತುಂಡು ಬೇಕು. ಒಂದು ತುಂಡನ್ನು ಸಲೈನಿನಲ್ಲಿ ಟಿಬಿ ಪರೀಕ್ಷೆಗೆ ಎತ್ತಿಟ್ಟು, ಉಳಿದದ್ದನ್ನು ಮಾತ್ರ ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ಗೆ ಹಾಕಿದ ಸಿಸ್ಟರುಗಳೇ, ನಿಮ್ಮ ಆ ಎರಡನೇ ಬಾಟಲಿ ಇಲ್ಲದಿದ್ದರೆ ಕಲ್ಚರ್ ಎಂಬ ಮಾತೇ ಇರುತ್ತಿರಲಿಲ್ಲ. ಫಾರ್ಮಲಿನ್ ಮುಟ್ಟಿದ್ದರಲ್ಲಿ ಏನೂ ಬೆಳೆಯುವುದಿಲ್ಲ.

ನಮ್ಮದೇ ವಿಭಾಗದ ಲ್ಯಾಬ್ ಅಟೆಂಡರುಗಳು ಮತ್ತು ತಂತ್ರಜ್ಞರನ್ನು ಹೊಗಳಿದರೆ ಸ್ವಂತದವರನ್ನು ಹೊಗಳಿದಂತಾಗುತ್ತದೆ, ಇರಲಿ. ಕಲ್ಲು ತುಂಬಿ ಕೆಲಸ ನಿಲ್ಲಿಸಿದ ಕಿಡ್ನಿಯನ್ನು ತೆಗೆದಾಗ 'ಹಳೆಯ ಸೋಂಕು' ಎಂದು ಎರಡು ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ಕೊಟ್ಟು ಮುಗಿಸುವ ಅಭ್ಯಾಸ ಹಲವೆಡೆ ಇದೆ. ಕಿಡ್ನಿ ಪೆಲ್ವಿಸ್‌ನ (ಮೂತ್ರ ಬಂದು ಸೇರುವ ಕಿಡ್ನಿಯ ಒಳಚೀಲದ) ಸ್ಕ್ವೇಮಸ್ ಕ್ಯಾನ್ಸರ್ ಅಡಗುವುದು ಅಲ್ಲಿಯೇ. ವರ್ಷಗಟ್ಟಲೆ ಕಲ್ಲು ಉಜ್ಜಿದ ಒಳಪದರ ಮೊದಲು ಚರ್ಮದಂತೆ ಬದಲಾಗುತ್ತದೆ, ಆಮೇಲೆ ಕೆಲವರಲ್ಲಿ ಕ್ಯಾನ್ಸರಾಗುತ್ತದೆ. ಹಲವು ಸಲ ಗಂಟೇ ಇರುವುದಿಲ್ಲ, ಗೋಡೆ ಒಂದಿಷ್ಟು ದಪ್ಪವಾಗಿರುತ್ತದೆ ಅಷ್ಟೆ. ಕಿಡ್ನಿಯನ್ನು ಇಡಿಯಾಗಿ ಡಬ್ಬಿಗೆ ಹಾಕಿದರೆ ಒಳಗಿನದು ಕೊಳೆಯುತ್ತದೆ, ಏಕೆಂದರೆ ಫಾರ್ಮಲಿನ್ ಇಳಿಯುವುದು ಗಂಟೆಗೆ ಸುಮಾರು 1 ಮಿಮೀ. ಬಂದ ಕೂಡಲೇ ಉಬ್ಬಿದ ಬದಿಯಿಂದ ಪೆಲ್ವಿಸ್‌ವರೆಗೆ ಸೀಳಿ, ಹತ್ತು ಪಟ್ಟು ಫಾರ್ಮಲಿನ್‌ನಲ್ಲಿಟ್ಟು, ಮರುದಿನ ದಪ್ಪಗಾದ ಪ್ರತಿ ಜಾಗದಿಂದ ತುಂಡು ಕೊಟ್ಟವರು ಇವರು.

ಬಣ್ಣ ಹಾಕುವವರ ಎಚ್ಚರವೂ ಅಷ್ಟೇ ದೊಡ್ಡದು. ಎಕ್ಸ್‌ಜಿಪಿಯಲ್ಲಿ ಕೊಬ್ಬು ತುಂಬಿಕೊಂಡ ನೊರೆಕಣಗಳು ಕ್ಲಿಯರ್ ಸೆಲ್ ಕ್ಯಾನ್ಸರಿನ ತಿಳಿಕಣಗಳಂತೆಯೇ ಕಾಣುತ್ತವೆ. ಸಿಡಿ68 (ರೋಗಾಣು ನುಂಗುವ ಕಣಗಳ ಗುರುತು) ಬಣ್ಣ ಹತ್ತಿ ಸೈಟೋಕೆರಟಿನ್ (ಹೊದಿಕೆ ಪದರದ ಕಣಗಳ, ಅವುಗಳಿಂದ ಹುಟ್ಟುವ ಕ್ಯಾನ್ಸರಿನ ಗುರುತು) ಹತ್ತದಿದ್ದರೆ ನೊರೆಕಣ. ಪ್ಯಾಕ್ಸ್8 ಎಂಬ ಇನ್ನೊಂದು ಬಣ್ಣ ಕಿಡ್ನಿಯ ಗುರುತೆಂದು ನಂಬಿ ಕೂತರೆ ಮೋಸ ಹೋಗುತ್ತೇವೆ, ಸೋಂಕಿನ ಜಾಗದಲ್ಲಿ ಮುತ್ತಿರುವ ಬಿ ಲಿಂಫೋಸೈಟುಗಳೂ (ಒಂದು ಬಗೆಯ ಬಿಳಿ ರಕ್ತಕಣ) ಬಣ್ಣ ಹಿಡಿಸುವ ಕೆಲವು ಆ್ಯಂಟಿಬಾಡಿಗೆ ಕಂದಾಗುತ್ತವೆ. ಸೈಟೋಕೆರಟಿನ್ ಜೊತೆಗಿಟ್ಟು ಓದಬೇಕು.

ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶಪಾರಂಪರ್ಯ ರೋಗ) ತಪಾಸಣೆ ಮಾಡುವ ಆರೋಗ್ಯ ಕಾರ್ಯಕರ್ತರನ್ನು ಮರೆಯುವಂತಿಲ್ಲ. 2023ರಲ್ಲಿ ಕೇಂದ್ರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾದ ಮೇಲೆ ಕಾರ್ಡುಗಳಲ್ಲಿ 'ವಾಹಕ' ಎಂಬ ಮಾತು ಬರುತ್ತಿದೆ. ಕಿಡ್ನಿಯ ಒಳಭಾಗದಲ್ಲಿ ಹುಟ್ಟುವ ರೀನಲ್ ಮೆಡುಲರಿ ಕ್ಯಾನ್ಸರ್ ಅತಿ ಅಪರೂಪ, ಬಂದರೆ ಹೆಚ್ಚಾಗಿ ಸಿಕಲ್ ವಾಹಕರಾದ (ರೋಗವಿಲ್ಲದೆ ಅದರ ಒಂದು ಜೀನ್ ಮಾತ್ರ ಹೊತ್ತ) ಚಿಕ್ಕ ವಯಸ್ಸಿನವರಿಗೆ. ವಾಹಕರ ಮೂತ್ರದಲ್ಲಿ ರಕ್ತ ಕಾಣುವುದಕ್ಕೆ ಬಹುತೇಕ ಬೇರೆ ಕಾರಣವೇ ಇರುತ್ತದೆ, ಹೆದರಬೇಕಿಲ್ಲ. ಆದರೆ ಕಾರ್ಡಿನ ಆ ಒಂದು ಪದ ಕಣ್ಣಿಗೆ ಬಿದ್ದರೆ ನಾವು ಐಎನ್‌ಐ1 (ಸಹಜ ಕಣಗಳಲ್ಲಿ ಇರುವ ಒಂದು ಪ್ರೋಟೀನ್) ಬಣ್ಣ ಹಾಕಿಸುತ್ತೇವೆ. ಗಂಟಿನ ಕಣಗಳಲ್ಲಿ ಅದು ಮಾಯವಾಗಿ ಪಕ್ಕದ ಲಿಂಫೋಸೈಟಿನಲ್ಲಿ ಉಳಿದಿದ್ದರೆ ಉತ್ತರ ಸಿಕ್ಕಂತೆ. ಎರಡರಲ್ಲೂ ಇಲ್ಲದಿದ್ದರೆ ಬಣ್ಣವೇ ಕೆಟ್ಟಿದೆ, ಮತ್ತೆ ಹಾಕಬೇಕು. ಇದಕ್ಕೆ ಕೊಡುವ ಕೀಮೋ ಸಾಮಾನ್ಯ ಕಿಡ್ನಿ ಕ್ಯಾನ್ಸರಿನ ಔಷಧಿಗಳಿಗಿಂತ ಬೇರೆ, ಆದ್ದರಿಂದ ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಕೊನೆಗೆ, ಹಳೆಯ ಸ್ಲೈಡ್, ಬ್ಲಾಕ್, ಸ್ಕ್ಯಾನಿನ ಸಿಡಿಗಳನ್ನು ಜೋಪಾನ ಮಾಡಿ ತಂದುಕೊಟ್ಟ ಮನೆಯವರಿಗೆ. ನೀವು ತಂದ ಮೇಣದ ಬ್ಲಾಕುಗಳಿಂದಲೇ ಹೊಸ ಪದರ ಕೊಯ್ದು ಬಣ್ಣ ಹಾಕಲು ಆಯಿತು, ಬರೀ ಸ್ಲೈಡಿನಿಂದ ಅದು ಕಷ್ಟ. ಎರಡನೆಯ ಅಭಿಪ್ರಾಯಕ್ಕೆ ಹೊರಟಿರುವ ಬೇರೆಯವರೂ ಲ್ಯಾಬಿನಲ್ಲಿ ಬ್ಲಾಕನ್ನೇ ಕೇಳಿ, ಮೇಲಿನ ಸಂಖ್ಯೆ ರಿಪೋರ್ಟಿನ ಸಂಖ್ಯೆಗೆ ಹೊಂದುತ್ತದೆಯೇ ನೋಡಿ ತನ್ನಿ. ಬೇಸಿಗೆಯಲ್ಲಿ ಅದನ್ನು ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಮೇಣ ಕರಗುತ್ತದೆ.