ಮಗಳಿಗೊಂದು ಪತ್ರ: ಮೊದಲು ಆ ಮಾತ್ರೆಯ ವಿಷಯ

ಮೇಘಾ,

ಮೊದಲು ಇಷ್ಟನ್ನು ಓದು. ಉಳಿದದ್ದನ್ನು ಆಮೇಲೆ ಓದಿದರೂ ಆಯಿತು.

ಭಾನುವಾರ ನಿನ್ನ ಬ್ಯಾಗಿನಿಂದ ತೆಗೆದು ನಾನು ಕಸದ ಬುಟ್ಟಿಗೆ ಎಸೆದೆನಲ್ಲ, ದಪ್ಪ ಆಗಲು ನೀನು ತೆಗೆದುಕೊಳ್ಳುತ್ತಿದ್ದ ಆ ಎರಡು ಪಟ್ಟಿ ಮಾತ್ರೆ. ಅದರಲ್ಲಿ ಒಂದನ್ನು ನೀನು ಮೂರು ವಾರಕ್ಕಿಂತ ಜಾಸ್ತಿ ತೆಗೆದುಕೊಂಡಿದ್ದರೆ ಒಮ್ಮೆಲೇ ನಿಲ್ಲಿಸಬಾರದು. ಇವತ್ತೇ ಅಲ್ಲಿ ಯಾರಾದರೂ ಡಾಕ್ಟರನ್ನು ನೋಡು. ವಿಪರೀತ ಸುಸ್ತು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಇದರಲ್ಲಿ ಯಾವುದಿದ್ದರೂ ನಾಳೆಗೆ ಅಂತ ಇಡಬೇಡ. ಸೀದಾ ಆಸ್ಪತ್ರೆಗೆ ಹೋಗು. ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಈಗ ನಿಂತಿದೆ ಅಂತ ಬಾಯಿಬಿಟ್ಟು ಹೇಳು. ನಾಚಿಕೆ ಪಡಬೇಡ.

ನೀನು ಫೋನ್ ತೆಗೆಯುತ್ತಿಲ್ಲ. ನಿನ್ನ ತಮ್ಮನಿಗೆ 'ಚೆನ್ನಾಗಿದ್ದೀನಿ' ಅಂತ ಮೆಸೇಜ್ ಹಾಕಿದ್ದೀಯಂತೆ, ಅಷ್ಟು ಗೊತ್ತು. ಅದಕ್ಕೇ ಇದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಭಾನುವಾರ ನಾವಿಬ್ಬರೂ ಆಡಿದ ಮಾತನ್ನು ಮತ್ತೆ ಇಲ್ಲಿ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ.

ನೀನು ಬಸ್ಸು ಹತ್ತಿದ ಮೇಲೆ ಬುಟ್ಟಿಗೆ ಕೈಹಾಕಿ ಆ ಪಟ್ಟಿ ಎರಡನ್ನೂ ಹೊರಗೆ ತೆಗೆದೆ. ಒಂದರಲ್ಲಿ ಆರು ಗುಳಿ ಖಾಲಿ, ಇನ್ನೊಂದರಲ್ಲಿ ಎಂಟು. ತೊಳೆದು ಒರೆಸಿ ಮರುದಿನ ಡಾಕ್ಟರಿಗೆ ತೋರಿಸಿದೆ. ಒಂದು ಸೈಪ್ರೊಹೆಪ್ಟಡಿನ್. ಅದು ಅಲರ್ಜಿಗೆ ಕೊಡುವ ಮಾತ್ರೆಯಂತೆ, ಹಸಿವೆ ಹೆಚ್ಚಿಸುತ್ತದೆ, ಜೊತೆಗೆ ನಿದ್ದೆ ಮಂಪರು ತರುತ್ತದೆ. ಇನ್ನೊಂದರ ಹೆಸರು ಓದಿದ ಕೂಡಲೇ ಅವರು ಕನ್ನಡಕ ತೆಗೆದು ಕೆಳಗಿಟ್ಟರು. ಡೆಕ್ಸಾಮೆಥಾಸೋನ್, ಅಂದರೆ ಸ್ಟೀರಾಯ್ಡ್. 'ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದಾಳೆ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದು ಎಷ್ಟನೇ ಪಟ್ಟಿ ಅಂತ ನಿನ್ನನ್ನು ಕೇಳುವ ಮೊದಲೇ ನಾನು ಕಿರುಚಾಡಿದ್ದೆ.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಮ್ಮ ಮೂತ್ರಪಿಂಡದ ಮೇಲೆ ಅಡ್ರಿನಲ್ ಅಂತ ಎರಡು ಪುಟ್ಟ ಗ್ರಂಥಿಗಳಿವೆ. ಮೈಗೆ ಬೇಕಾದ ಕಾರ್ಟಿಸೋಲ್ ಅನ್ನುವ ಹಾರ್ಮೋನನ್ನು ದಿನಾ ಅವೇ ತಯಾರಿಸುತ್ತವೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದರೆ ಅವು ಕೆಲಸ ಬಿಟ್ಟು ಸುಮ್ನೆ ಕೂರುತ್ತವೆ. ಆಗ ಮಾತ್ರೆ ಥಟ್ಟನೆ ನಿಂತರೆ ಎರಡೂ ಕಡೆಯಿಂದ ಇಲ್ಲ. ಅದು ಜೀವಕ್ಕೇ ಅಪಾಯ ಆಗಬಹುದು. ಹಾಗಾಗಿ ಡಾಕ್ಟರು ನೋಡಿಕೊಂಡು ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ನಾನು ಕೋಪದಲ್ಲಿ ಮಾಡಿದ್ದು ಸರಿಯಾಗಿ ಅದರ ಉಲ್ಟಾ. ಮಾತಿಗೆ ಮಾತ್ರ ಅಲ್ಲ, ಇದಕ್ಕೂ ನಿನ್ನ ಕ್ಷಮೆ ಕೇಳಬೇಕು. ಕೇಳುತ್ತಿದ್ದೇನೆ.

ಕೆನ್ನೆ ತುಂಬಿದೆ ಅಂತ ನಾವೆಲ್ಲ ಖುಷಿಪಟ್ಟೆವಲ್ಲ. ಅದು ನೀರು ಮತ್ತು ಕೊಬ್ಬು. ಈ ಮಾತ್ರೆ ಮುಖ ತುಂಬಿಸುವ ಹೊತ್ತಿಗೇ ತೋಳು ತೊಡೆಯ ಮಾಂಸಖಂಡ ಕರಗಿಸುತ್ತದೆ, ಮೂಳೆ ಸವೆಸುತ್ತದೆ, ಸಕ್ಕರೆ ಏರಿಸುತ್ತದೆ, ರೋಗ ತಡೆಯುವ ಶಕ್ತಿ ಇಳಿಸುತ್ತದೆ. ನಿನಗೆ ಬೇಕಾದ್ದು ಇದಲ್ಲ ಅಲ್ವಾ?

ನಿನಗೆ ಏನು ಬೇಕಿತ್ತು ಅಂತ ಯೋಚಿಸುತ್ತಾ ಕೂತರೆ ನನ್ನ ಮನಸ್ಸು ಮತ್ತೆ ಮತ್ತೆ ಒಂದೇ ಜಾಗಕ್ಕೆ ಹೋಗಿ ನಿಲ್ಲುತ್ತಿದೆ.

ನೀನು ಎಂಟನೇ ಕ್ಲಾಸು. ಶಾಲೆಯ ಆಟದ ದಿನ. ಬಿಸಿಲು ಜೋರಾಗಿತ್ತು. ಓಟದ ಅರ್ಧದಲ್ಲಿ ನೀನು ಕುಸಿದು ಬಿದ್ದೆ ಅಂತ ನನ್ನನ್ನು ಕೂಗಿ ಕರೆದರು. ನಾನು ಓಡಿ ಬರುವಷ್ಟರಲ್ಲಿ ನಿನ್ನನ್ನು ಒಂದು ಕೋಣೆಯಲ್ಲಿ ಬೆಂಚಿನ ಮೇಲೆ ಮಲಗಿಸಿ, ಗಾಳಿಯಾಡಲಿ ಅಂತ ಟೀಚರಮ್ಮ ಬಟ್ಟೆ ಸಡಿಲಿಸಿದ್ದರು. ಸಮವಸ್ತ್ರದ ಪ್ಯಾಂಟಿನ ಒಳಗೆ ಒಂದು ಲೆಗಿಂಗ್ಸ್, ಅದರೊಳಗೆ ಇನ್ನೊಂದು. ಅಂಗಿಯ ಒಳಗೆ ಎರಡು ಬನಿಯನ್. ಎಲ್ಲ ಬೆವರಿನಲ್ಲಿ ನೆನೆದು ಮೈಗೆ ಅಂಟಿದ್ದವು. ದಪ್ಪ ಕಾಣಲಿ ಅಂತ ಹಾಕಿಕೊಂಡಿದ್ದೆ.

ನೀನು ಕಣ್ಣುಬಿಟ್ಟೆ. ನಾನು ನಕ್ಕೆ. ಸದ್ಯ ಏನೂ ಆಗಲಿಲ್ಲ ಅನ್ನುವ ಸಮಾಧಾನಕ್ಕೆ ಬಂದ ನಗು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಆದರೆ ನಕ್ಕು ಸುಮ್ಮನಾಗಲಿಲ್ಲ. 'ಏನೇ ಕಡ್ಡಿ, ಇಷ್ಟೊಂದು ಸುತ್ತಿಕೊಂಡಿದ್ದೀಯಾ' ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ನೀನು ಅಳಲಿಲ್ಲ. ಎದ್ದು ಕೂತು, ಒದ್ದೆ ಲೆಗಿಂಗ್ಸನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಅಡಿಯಲ್ಲಿ ಇಟ್ಟುಕೊಂಡೆ. ಆ ಮಡಿಕೆ ನನಗೆ ಈಗಲೂ ಕಾಣಿಸುತ್ತದೆ. ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದೆ.

ಆಮೇಲೆ ನಾನು ಆ ಕತೆಯನ್ನು ಎಷ್ಟು ಜನರಿಗೆ ಹೇಳಿದೆ! ಮನೆಗೆ ಬಂದವರಿಗೆಲ್ಲ ಹೇಳಿದೆ. ನೀನು ಒಳಗೆ ಎದ್ದು ಹೋಗುತ್ತಿದ್ದೆ, ನಾನು ಮುಗಿಸಿಯೇ ನಿಲ್ಲಿಸುತ್ತಿದ್ದೆ.

ಮೊನ್ನೆ ರಾತ್ರಿ ನಿದ್ದೆ ಬರದೆ ಇನ್ನೊಂದು ವಿಷಯ ಹೊಳೆಯಿತು. ಆಗ ಮನೆಯಲ್ಲಿ ಬಟ್ಟೆ ಒಣಗಿ ಹಾಕುತ್ತಿದ್ದವನು ನಾನೇ. ಆ ಎರಡು ಲೆಗಿಂಗ್ಸ್ ಬೇಸಿಗೆ ಪೂರ್ತಿ ದಿನಾ ತಂತಿಯ ಮೇಲೆ ಬರುತ್ತಿದ್ದವು. ನಾನೇ ಕೊಡವಿ, ಕ್ಲಿಪ್ಪು ಹಾಕಿ ಒಣಗಿಸಿದ್ದೇನೆ. ಇಷ್ಟು ಸೆಕೆಯಲ್ಲಿ ಈ ಮಗು ಇದನ್ನು ಯಾಕೆ ಹಾಕಿಕೊಳ್ಳುತ್ತಿದೆ ಅಂತ ಒಂದು ದಿನವೂ ಕೇಳಲಿಲ್ಲ. ನೀನು ಅವನ್ನು ಆಟದ ದಿನಕ್ಕೆ ಮಾತ್ರ ಹಾಕಿದ್ದಲ್ಲ. ದಿನಾ ಹಾಕುತ್ತಿದ್ದೆ. ಹತ್ತು ವರ್ಷ ಬೇಕಾಯಿತು ನನಗೆ ಇದು ಗೊತ್ತಾಗಲು. ಈ ಮಾತ್ರೆಯೂ ನನಗೆ ಹಾಗೇ ಕಾಣುತ್ತಿದೆ. ಒಳಗೆ ಹಾಕಿಕೊಂಡ ಇನ್ನೊಂದು ಪದರ. ಅವತ್ತು ನಕ್ಕೆ, ಈ ಸಲ ಬೈದೆ. ಕೇಳುವುದನ್ನು ಎರಡು ಸಲವೂ ಮಾಡಲಿಲ್ಲ.

ಆದ್ದರಿಂದ ಈಗ ಹೇಳುವುದನ್ನು ನೀನು ದಪ್ಪ ಆಗಬೇಕು ಅಂತ ಹೇಳುತ್ತಿದ್ದಾನೆ ಅಂದುಕೊಳ್ಳಬೇಡ. ನೀನು ಗಟ್ಟಿಯಾಗಿರಬೇಕು, ಅಷ್ಟೇ.

ಹೋದ ತಿಂಗಳ ತಪಾಸಣೆ ಚೀಟಿ ಮೇಜಿನ ಮೇಲೆ ಇತ್ತು, ನೋಡಿದೆ. ಎತ್ತರ 160 ಸೆಂಟಿಮೀಟರ್, ತೂಕ 42 ಕಿಲೋ. ತೂಕವನ್ನು ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ನಿನ್ನದು 16.4. ಅದು 18.5ಕ್ಕಿಂತ ಕೆಳಗಿದ್ದರೆ ತೂಕ ಕಡಿಮೆ ಅಂತ ಲೆಕ್ಕ. ನಿನ್ನ ಎತ್ತರಕ್ಕೆ 18.5 ಮುಟ್ಟಬೇಕಾದರೆ ಸುಮಾರು 47ರಿಂದ 48 ಕಿಲೋ ಬೇಕು. ಆರು ಕಿಲೋ, ಮೇಘಾ. ಬೆಟ್ಟದಷ್ಟೇನೂ ಅಲ್ಲ. ವಾರಕ್ಕೆ ಕಾಲು ಕಿಲೋ ಏರಿದರೂ ಆರು ತಿಂಗಳೊಳಗೆ ಆಗುತ್ತದೆ. ಹದಿನೈದು ದಿನದಲ್ಲಿ ಆಗುತ್ತದೆ ಅಂತ ಯಾರಾದರೂ ಮಾರಲು ಬಂದರೆ ಅವರ ಹತ್ತಿರ ಇರುವುದು ಆಹಾರ ಅಲ್ಲ.

ಅದಕ್ಕೂ ಮೊದಲು ಕಾರಣ ಹುಡುಕಬೇಕು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸೋಣ. ಥೈರಾಯ್ಡ್ ಜೋರಾಗಿ ಕೆಲಸ ಮಾಡುತ್ತಿದ್ದರೆ ಎಷ್ಟು ತಿಂದರೂ ಮೈ ಹಿಡಿಯುವುದಿಲ್ಲ. ಕೆಲವರಿಗೆ ಗೋಧಿಯ ಗ್ಲೂಟನ್ ಒಗ್ಗದೆ ಕರುಳು ಆಹಾರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮನಸ್ಸು ಕುಗ್ಗಿದ್ದರೂ ಹಸಿವೆ ಸಾಯುತ್ತದೆ. ಅದೇನಾದರೂ ಇದ್ದರೆ ನನಗೆ ಹೇಳಲು ಇಷ್ಟ ಇಲ್ಲದಿದ್ದರೂ ಡಾಕ್ಟರಿಗೆ ಹೇಳು. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದೆ ಅಂತ ಅಮ್ಮ ಹೇಳಿದಳು. ಅಪ್ಪ ಇದನ್ನೆಲ್ಲ ಕೇಳಬಾರದು ಅಂತ ಏನೂ ಇಲ್ಲ. ಮೈಗೆ ಸಾಕಷ್ಟು ಸಿಗದಿದ್ದರೆ ಅದು ಮೊದಲು ನಿಲ್ಲಿಸುವ ಖರ್ಚುಗಳಲ್ಲಿ ಇದೂ ಒಂದು. ಹಾಗಾದಾಗ ಮೂಳೆಯೂ ಸೊರಗುತ್ತದೆ. ಮೂಳೆ ಗಟ್ಟಿಯಾಗುವ ಕೊನೆಯ ವರ್ಷಗಳು ಇವೇ, ಇಪ್ಪತ್ತರಿಂದ ಮೂವತ್ತರೊಳಗೆ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ.

ಇನ್ನೊಂದು ತಪ್ಪೂ ನನ್ನದಿದೆ. 'ತಿನ್ನೋದೆಲ್ಲ ಎಲ್ಲಿಗೆ ಹೋಗುತ್ತೆ, ನೀನು ಸರಿಯಾಗಿ ತಿನ್ನಲ್ಲ' ಅಂತ ಸಾವಿರ ಸಲ ಅಂದಿದ್ದೇನೆ. ಈ ಎರಡು ರಾತ್ರಿ ಕೂತು ಓದಿದೆ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಜೇಮ್ಸ್ ಲೆವೈನ್ ಅವರ ತಂಡ 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚಿಗೆ ಕೊಟ್ಟು ನೋಡಿತು. ಒಬ್ಬರ ಮೈಯಲ್ಲಿ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ದಾಟಿತು. ಸೇರದವರ ಮೈ ತಿಂದಷ್ಟೂ ಜಾಸ್ತಿ ಅಲ್ಲಾಡುತ್ತಿತ್ತು. ಎದ್ದು ಓಡಾಡುವುದು, ಕೂತಲ್ಲೇ ಚಡಪಡಿಸುವುದು, ಹೀಗೆ. ಅವರಿಗೇ ಗೊತ್ತಿಲ್ಲದೆ ಅದು ಖರ್ಚಾಗುತ್ತಿತ್ತು. ಊಟಕ್ಕೆ ಕೂತಾಗ ನೀನು ಕಾಲು ಅಲ್ಲಾಡಿಸುವುದು, ಮೇಜಿನ ಮೇಲೆ ಲೋಟ ನಡುಗುವುದು, ನಾನು ಗದರುವುದು. ಅದೆಲ್ಲ ನೆನಪಾಯಿತು. ನೀನು ತಿನ್ನುತ್ತಿದ್ದೆ. ನಾನು ನಂಬಲಿಲ್ಲ.

ಹಾಗಂತ ಮೂರು ಹೊತ್ತೂ ಹೊಟ್ಟೆ ಬಿರಿಯುವಂತೆ ತಿನ್ನು ಅನ್ನುವುದಿಲ್ಲ. ದಿನಕ್ಕೆ 300ರಿಂದ 500 ಕ್ಯಾಲೊರಿ ಜಾಸ್ತಿ ಆದರೆ ಸಾಕು. ಕಾಲು ಲೀಟರ್ ಕೆನೆ ಹಾಲಿನಲ್ಲಿ ಸುಮಾರು 150, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 170, ಒಂದು ಬಾಳೆಹಣ್ಣಿನಲ್ಲಿ 100. ಇಷ್ಟಕ್ಕೇ 400 ದಾಟಿತು. ನಿನಗೆ ಬೇಗ ಹೊಟ್ಟೆ ತುಂಬುತ್ತದೆ. ಅದಕ್ಕೆ ಊಟಕ್ಕೆ ಮುಂಚೆ ನೀರು, ಕಾಫಿ ಬೇಡ. ಎರಡೂ ಹಸಿವೆ ಕೊಲ್ಲುತ್ತವೆ. ಕಾಫಿ, ಟೀ ಊಟದ ಜೊತೆಗಿದ್ದರೆ ಕಬ್ಬಿಣದ ಅಂಶವೂ ಸರಿಯಾಗಿ ಸೇರುವುದಿಲ್ಲ. ತಿನ್ನಲು ಆಗದ ದಿನ ಕುಡಿ, ಹಾಲಿಗೆ ಬಾಳೆಹಣ್ಣು ರುಬ್ಬಿಕೊಂಡು. ಅನ್ನಕ್ಕೋ ಪಲ್ಯಕ್ಕೋ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಿಗೆ ಬಿದ್ದರೆ ತಟ್ಟೆ ದೊಡ್ಡದಾಗದೆ 120 ಕ್ಯಾಲೊರಿ ಸೇರಿತು. ಪ್ರೋಟೀನು ದಿನಕ್ಕೆ 60 ಗ್ರಾಂ ಆದರೂ ಬೇಕು. ಒಂದು ಮೊಟ್ಟೆಗೆ ಆರು ಗ್ರಾಂ, ಆ ಲೋಟ ಹಾಲಿಗೆ ಎಂಟು. ಬೇಳೆ, ಮೊಸರು, ಕಾಳು ಸೇರಿಸಿ ನೀನೇ ಲೆಕ್ಕ ಹಾಕು, ಲೆಕ್ಕದಲ್ಲಿ ನೀನು ನನಗಿಂತ ಚುರುಕು. ಸಿಹಿ, ಕರಿದ ತಿಂಡಿ ತಿಂದೂ ತೂಕ ಏರಿಸಬಹುದು, ಆದರೆ ಅದು ಹೊಟ್ಟೆಗೆ ಸೇರುತ್ತದೆ, ತೋಳಿಗೆ ಬರುವುದಿಲ್ಲ.

ತೋಳಿಗೆ ಬರಬೇಕಾದರೆ ಭಾರ ಎತ್ತಬೇಕು. ಸಣ್ಣಗಿರುವವರು ವ್ಯಾಯಾಮ ಮಾಡಿದರೆ ಇನ್ನೂ ಕರಗುತ್ತಾರೆ ಅಂತ ನಾನೇ ನಿನ್ನನ್ನು ಜಿಮ್ಮಿಗೆ ಬೇಡ ಅಂದಿದ್ದೆ. ತಪ್ಪು. ದಿನಾ ಗಂಟೆಗಟ್ಟಲೆ ಓಡಿ ಅದಕ್ಕೆ ತಕ್ಕಂತೆ ತಿನ್ನದಿದ್ದರೆ ಕರಗಬಹುದು, ಭಾರ ಎತ್ತಿದರೆ ಅಲ್ಲ. ವಾರಕ್ಕೆ ಎರಡೋ ಮೂರೋ ದಿನ ಸಾಕು, ನಡುವೆ ಒಂದು ದಿನ ಬಿಡು. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರಿನ ಬಾಟಲಿ ತುಂಬಿದ ಬ್ಯಾಗು ಎತ್ತುವುದು, ಇಲ್ಲಿಂದ ಶುರುಮಾಡು. ಎಂಟರಿಂದ ಹನ್ನೆರಡು ಸಲ, ಕೊನೆಯ ಎರಡು ಕಷ್ಟ ಆಗಬೇಕು. ಸಲೀಸಾದ ಮೇಲೆ ಭಾರ ಸ್ವಲ್ಪ ಏರಿಸು. ಎದೆ ಹೊಡೆದುಕೊಂಡರೆ, ತಲೆ ತಿರುಗಿದರೆ ನಿಲ್ಲಿಸು. ಆ ಮಾತ್ರೆಯ ವಿಷಯ ಬಗೆಹರಿಯುವ ತನಕ ಇದೂ ಬೇಡ. ಏಳೆಂಟು ಗಂಟೆ ನಿದ್ದೆ ಮಾಡು. ನಿದ್ದೆಗೆಟ್ಟವರ ಮೈ ಕಟ್ಟಿಕೊಳ್ಳುವುದಿಲ್ಲ. ರಾತ್ರಿ ಒಂದು ಗಂಟೆಗೆ ನಿನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಕಾಣುತ್ತದೆ, ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀಯಾ?

ನೋಡು, ಮತ್ತೆ ಗದರಲು ಶುರುಮಾಡಿದೆ. ಬಿಡು.

ತೂಕ ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು, ಬೆಳಿಗ್ಗೆ, ಏನೂ ತಿನ್ನುವ ಮುಂಚೆ. ಒಂದು ದಿನ ಅರ್ಧ ಕಿಲೋ ಇಳಿದಿತ್ತು ಅಂತ ಕಂಗಾಲಾಗಬೇಡ. ಅದು ನೀರಿನ ಆಟ. ನನಗೆ ಸಂಖ್ಯೆ ಕಳಿಸಬೇಕಾಗಿಯೂ ಇಲ್ಲ. ನಾನು ಕೇಳುವುದಿಲ್ಲ.

ಅಮ್ಮನ ಆಪರೇಷನ್ ಆದಾಗ ನಾನು ಕೈಕಾಲು ಬಿಟ್ಟು ಕೂತಿದ್ದೆ. ನೀನು ಇದೇ 42 ಕಿಲೋ ಮೈಯಲ್ಲಿ ದಿನಕ್ಕೆ ಆರು ಸಲ ಅವಳನ್ನು ಎತ್ತಿ ಕೂರಿಸಿದೆ. ಒಂದು ಕೈ ಬೆನ್ನಿಗೆ, ಒಂದು ಮೊಣಕಾಲಿನ ಕೆಳಗೆ. 'ಅಪ್ಪಾ, ನೀನು ದಿಂಬು ಸರಿಮಾಡು' ಅಂತ ನನಗೆ ಸಣ್ಣ ಕೆಲಸ ಕೊಟ್ಟೆ. ಮನೆಗೆ ಬಂದವರಿಗೆ ನಾನು ಹೇಳಬೇಕಿದ್ದ ಕತೆ ಅದು. ಯಾರಿಗೂ ಹೇಳಲಿಲ್ಲ.

ಇಲ್ಲಿಯ ಡಾಕ್ಟರ ಹತ್ತಿರ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಯ ತೆಗೆದುಕೊಂಡಿದ್ದೇನೆ. ಶನಿವಾರದ ತನಕ ಕಾಯಬೇಡ, ಅಲ್ಲಿಯವರನ್ನು ಇವತ್ತೇ ನೋಡು. ಶನಿವಾರದ್ದು ಅದರ ಜೊತೆಗೆ ಇನ್ನೊಂದು ಸಲ. ನಿನ್ನ ಹತ್ತಿರ ಇನ್ನೂ ಪಟ್ಟಿ ಇದ್ದರೆ ಎಸೆಯಬೇಡ, ತಂದು ತೋರಿಸು. ನಾನು ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ. ನೀನು ಕರೆದರೆ ಒಳಗೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ನನ್ನ ಫೋನಿನಲ್ಲಿ ನಿನ್ನ ನಂಬರು ಇಷ್ಟು ವರ್ಷವೂ 'ಕಡ್ಡಿ' ಅಂತಲೇ ಇತ್ತು. ನಿನ್ನೆ ಬದಲಾಯಿಸಿದೆ. ಮಾತ್ರೆ ಎಷ್ಟು ದಿನ ತೆಗೆದುಕೊಂಡೆ ಅಂತ ಒಂದೇ ಸಾಲು ಬರೆದು ಕಳಿಸು. ಬೇರೆ ಏನೂ ಬರೆಯದಿದ್ದರೂ ಪರವಾಗಿಲ್ಲ.

ಅಪ್ಪ